ಗುಜರಿ ಸಾಮಾನಿನಿಂದ ಶಾಲೆ ಸಜ್ಜುಗೊಳಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬೇಸಿಗೆ ರಜೆ ಬಂತೆಂದರೆ ನಮ್ಮ ಸರ್ಕಾರಿ ಶಾಲೆಗಳ ಅಂಗಳಕ್ಕೆ ಹಳೆಯ ಟೈರು, ಬಾಟಲಿ, ಪೇಂಟಿನ ಡಬ್ಬ ಬಂದಿಳಿಯುತ್ತವೆ. ಹಳೆ ವಿದ್ಯಾರ್ಥಿಗಳ ಸಂಘದವರು, ಕಂಪನಿಯ ಸ್ವಯಂಸೇವಕರು, ಎನ್‌ಎಸ್‌ಎಸ್ ಶಿಬಿರದ ಹುಡುಗ ಹುಡುಗಿಯರು ಬಿಸಿಲಲ್ಲಿ ದುಡಿದು ಶಾಲೆಯ ಚಹರೆಯನ್ನೇ ಬದಲಿಸಿ ಹೋಗುತ್ತಾರೆ. ಆ ದುಡಿಮೆಗೆ ಬೆಲೆಯಿದೆ. ಅದು ಜೂನ್ ಮಳೆಗೆ, ಮಕ್ಕಳ ಕೈಕಾಲಿನ ಹೊಡೆತಕ್ಕೆ ತಾಳಿ, ಮುಂದಿನ ವರ್ಷದ ಪಾಠಕ್ಕೂ ಒದಗಬೇಕೆಂದರೆ ಕೆಳಗಿನ ಮಾತುಗಳನ್ನು ಕಡ್ಡಾಯವೆಂದು ತಿಳಿಯಿರಿ. ಮುಖ್ಯಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು, ದಾನಿಗಳು, ಎಲ್ಲರಿಗೂ ನಿಯಮ ಒಂದೇ.

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು: ಶಾಲೆಯೊಳಗೆ ಬರುವ ಪ್ರತಿ ಹಳೆಯ ವಸ್ತುವೂ ಮಗುವಿನ ಕೈಗೆ ಒಂದು ಕೆಲಸ ಕೊಡಬೇಕು. ಅಳೆಯಲಿ, ಎಣಿಸಲಿ, ತಿರುಗಿಸಲಿ, ಬಡಿಯಲಿ, ಹತ್ತಲಿ, ಕೂರಲಿ. ಬಂದವರು ನೋಡಿ ಫೋಟೊ ತೆಗೆದುಕೊಳ್ಳುವುದಕ್ಕಷ್ಟೇ ಒದಗುವ ವಸ್ತು ಎಷ್ಟು ಚೆಂದವಿದ್ದರೂ ಶಾಲೆಗೆ ಬೇಡ.

ಮೊದಲು ಪಾಠ, ಆಮೇಲೆ ಸಾಮಾನು

ಮಾಡಬೇಕಾದ್ದು. ಗುಜರಿ ಅಂಗಡಿಗೆ ಹೋಗುವ ಮುಂಚೆ ಶಿಕ್ಷಕರ ಜೊತೆ ಕೂತು, ಯಾವ ತರಗತಿಯಲ್ಲಿ ಯಾವ ಪಾಠ ಮಕ್ಕಳಿಗೆ ಹತ್ತುತ್ತಿಲ್ಲ ಎಂದು ಕೇಳಿ. ಭಿನ್ನರಾಶಿಯೇ, ಕೋನವೇ, ದಿಕ್ಕೇ, ಗಂಟೆ ನಿಮಿಷವೇ? ಉತ್ತರ ಸಿಕ್ಕ ಮೇಲೆ ಅದಕ್ಕೆ ಒದಗುವ ವಸ್ತು ಹುಡುಕಿ. ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಅವರ ವಿನ್ಯಾಸ್ ಸಂಸ್ಥೆ ಯುನಿಸೆಫ್ ಬೆಂಬಲದೊಂದಿಗೆ ರೂಪಿಸಿದ ‘ಬಾಲಾ’ ವಿಧಾನ ಕಲಿಸುವುದು ಇದನ್ನೇ. ಅಲ್ಲಿ ಕಟ್ಟಡವೇ ಪಾಠೋಪಕರಣ. ಬಾಗಿಲು ತೆರೆದುಕೊಳ್ಳುವ ಜಾಗದಲ್ಲಿ ನೆಲದ ಮೇಲೆ ಕೋನಮಾಪಕ ಬರೆದರೆ, ಬಾಗಿಲು ತೆಗೆದಾಗಲೆಲ್ಲ ಮಗು ಕೋನ ನೋಡುತ್ತದೆ. ಅದಕ್ಕೆ ಖರ್ಚು ಒಂದಿಷ್ಟು ಬಣ್ಣ.

ಹಳೆಯ ಸೈಕಲ್ ಚಕ್ರವೊಂದರಲ್ಲಿ ಎಷ್ಟು ಪಾಠವಿದೆ ನೋಡಿ. ಕರ್ನಾಟಕ ಸರ್ಕಾರ 2006-07ರಿಂದ ವರ್ಷಗಟ್ಟಲೆ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಕೆಟ್ಟು ಹಿತ್ತಲು ಸೇರಿದವು ಊರೂರಲ್ಲೂ ಸಿಗುತ್ತವೆ. ರಿಮ್ಮಿನಲ್ಲಿ 36 ಕಡ್ಡಿಗಳ ತೂತಿದ್ದರೆ ಒಂದರಿಂದ ಇನ್ನೊಂದಕ್ಕೆ 10 ಡಿಗ್ರಿ, 40 ಇದ್ದರೆ 9 ಡಿಗ್ರಿ. ಎಣಿಸಿ ಭಾಗಿಸುವ ಕೆಲಸ ಮಕ್ಕಳದ್ದೇ ಆಗಲಿ. ಚಕ್ರವನ್ನು ನೆಲದ ಮೇಲೆ ಒಂದು ಸುತ್ತು ಉರುಳಿಸಿ ದಾರದಿಂದ ಅಳೆದರೆ, ಪರಿಧಿಯು ವ್ಯಾಸದ ಮೂರು ಪಟ್ಟಿಗಿಂತ ತುಸು ಹೆಚ್ಚು ಎಂಬುದು ಪುಸ್ತಕವಿಲ್ಲದೆಯೇ ಗೊತ್ತಾಗುತ್ತದೆ.

ಅದೇ ರಿಮ್ಮನ್ನು ನೆರಳಿನ ಗಡಿಯಾರ ಮಾಡಬಹುದು. ವೆಲ್ಡಿಂಗ್ ಅಂಗಡಿಯಲ್ಲಿ ರಿಮ್ಮನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿ, ಕೆಳಗಿನ ಅರ್ಧವನ್ನು ಮಾತ್ರ ಕಂಬಕ್ಕೆ ಕೂರಿಸಿ. ಪೂರ್ತಿ ರಿಮ್ಮು ಇಟ್ಟರೆ ಮೇಲಿನ ಅರ್ಧದ ನೆರಳು ಅಡ್ಡ ಬರುತ್ತದೆ. ಚಕ್ರದ ನಡುಬಿಂದುವಿನಲ್ಲಿ ಒಂದು ಸರಳು ಹಾಯಿಸಿ. ಅದು ಎರಡೂ ಬದಿಗೆ ಗೇಣುದ್ದ ಚಾಚಿರಲಿ. ಸರಳು ನೇರ ಉತ್ತರಕ್ಕೆ ಮುಖ ಮಾಡಿ, ನೆಲದಿಂದ ಊರಿನ ಅಕ್ಷಾಂಶದಷ್ಟು ಓರೆಯಲ್ಲಿ ಮೇಲೆದ್ದಿರಬೇಕು: ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಧಾರವಾಡದಲ್ಲಿ ಹದಿನೈದೂವರೆ, ಬೀದರಿನಲ್ಲಿ 18. ರಿಮ್ಮು ಈ ಸರಳಿಗೆ ಲಂಬವಾಗಿ ನಿಲ್ಲಬೇಕು. ನೆರಳು ಗಂಟೆಗೆ 15 ಡಿಗ್ರಿಯಂತೆ ರಿಮ್ಮಿನ ಒಳಮೈ ಮೇಲೆ ಸರಿಯುತ್ತದೆ. ಧಾರವಾಡದ ಶಾಲೆಯಲ್ಲಾದರೆ ಈ ಗಡಿಯಾರ ಶಿಕ್ಷಕರ ಕೈಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ಹಿಂದಿರುತ್ತದೆ. ನಮ್ಮ ದೇಶದ ಸಮಯ ಲೆಕ್ಕವಾಗುವುದು ಪೂರ್ವದ 82½ ಡಿಗ್ರಿ ರೇಖಾಂಶಕ್ಕೆ, ಧಾರವಾಡ ಇರುವುದು 75ರಲ್ಲಿ, ಒಂದು ಡಿಗ್ರಿಗೆ 4 ನಿಮಿಷ. ‘ಟೀಚರ್, ಇದು ತಪ್ಪು ತೋರಿಸ್ತಿದೆ’ ಎಂದು ಮಗು ಓಡಿಬಂದ ದಿನ ರೇಖಾಂಶದ ಪಾಠ ತೆಗೆದುಕೊಳ್ಳಿ, ಪಠ್ಯಕ್ರಮದಲ್ಲಿ ಅದು ಮುಂದಿನ ತಿಂಗಳಿಗೆ ಇದ್ದರೂ ಸರಿ. ಕತ್ತರಿಸಿದ ಎರಡು ತುದಿಗಳಿಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿ ಬಿಗಿಯುವುದನ್ನು ಮರೆಯಬೇಡಿ.

ಲೋಲಕ ಇನ್ನೂ ಸುಲಭ. ತುಕ್ಕು ತಿಕ್ಕಿ ತೆಗೆದ ಒಂದು ದಪ್ಪ ನಟ್ಟು, ಒಂದಿಷ್ಟು ದಾರ. ದಾರ 1 ಮೀಟರ್ ಇದ್ದರೆ ಹೋಗಿ ಬರಲು ಹೆಚ್ಚುಕಡಿಮೆ 2 ಸೆಕೆಂಡು, 25 ಸೆಂ.ಮೀ. ಇದ್ದರೆ 1 ಸೆಕೆಂಡು. ಉಳಿದ ಪಿವಿಸಿ ಪೈಪುಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಸಾಲಾಗಿ ಕಟ್ಟಿ, ಹಳೆಯ ಚಪ್ಪಲಿಯ ಅಟ್ಟೆಯಿಂದ ಬಾಯಿಗೆ ಬಡಿದರೆ, ಉದ್ದ ಹೆಚ್ಚಿದಂತೆ ದನಿ ದಪ್ಪವಾಗುವುದು ಕೇಳುತ್ತದೆ. ಈ ಸಂಗೀತದ ಗೋಡೆ ಆಟದ ಬಯಲಿನ ಕಡೆಗಿರಲಿ, ತರಗತಿಯ ಕಿಟಕಿಗೆ ಅಂಟಿಕೊಂಡು ಇರಬಾರದು. ಸೈಕಲ್ ವಾಲ್ವ್ ಟ್ಯೂಬಿನ ತುಂಡು ಮತ್ತು ಬೆಂಕಿಕಡ್ಡಿಗಳಿಂದ ರೇಖಾಗಣಿತ ಕಲಿಸಬಹುದೆಂದು ದೇಶಕ್ಕೆ ತೋರಿಸಿಕೊಟ್ಟ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳ ದೊಡ್ಡ ಗುಣವೆಂದರೆ, ಕೆಟ್ಟರೆ ಮಗುವೇ ಮತ್ತೆ ಮಾಡಿಕೊಳ್ಳಬಲ್ಲದು. ನೀವು ಮಾಡುವುದಕ್ಕೂ ಅದೇ ಅಳತೆಗೋಲು ಇಟ್ಟುಕೊಳ್ಳಿ.

ಮಾಡಬಾರದ್ದು. ನೂರಾರು ಬಾಟಲಿ ಪುಕ್ಕಟೆ ಸಿಕ್ಕಿತೆಂಬ ಕಾರಣಕ್ಕೆ ಬಾಟಲಿಯ ಗೋಡೆ ಕಟ್ಟಬೇಡಿ. ಒಂದು ಶಾಲೆಗೆ ಒಪ್ಪಿದ್ದನ್ನು ಹತ್ತು ಶಾಲೆಗೆ ಅಚ್ಚು ಹಾಕಬೇಡಿ. ದಾನಿಗಳ ಹೆಸರು, ಲಾಂಛನ ಮಕ್ಕಳ ಕಣ್ಣಿನ ಎತ್ತರದಲ್ಲಿ ಬೇಡ. ಆ ಜಾಗ ಅಕ್ಷರಕ್ಕೆ, ಅಂಕಿಗೆ, ಮಕ್ಕಳ ಚಿತ್ರಕ್ಕೆ ಸೇರಿದ್ದು.

ಮಗುವಿನ ಎತ್ತರಕ್ಕೆ

ಮಾಡಬೇಕಾದ್ದು. 1ನೇ ತರಗತಿಯ ಮಗುವಿನ ಎತ್ತರ ಸುಮಾರು 110 ಸೆಂ.ಮೀ. ನೀವು ನಿಂತು ನೋಡಿದರೆ ಕಾಣುವ ಕೋಣೆ ಬೇರೆ, ನೆಲದ ಮೇಲೆ ಕೂತು ನೋಡಿದರೆ ಕಾಣುವ ಕೋಣೆ ಬೇರೆ. ಕೂತೇ ಅಳತೆ ತೆಗೆಯಿರಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಇದನ್ನು ಎಂದೋ ಅರಿತಿತ್ತು: ಗೋಡೆಯ ಬುಡದಲ್ಲಿ ಮಕ್ಕಳ ಹಲಗೆ, ಗುಂಪಾಗಿ ಕೂರಲು ‘ತಟ್ಟೆ’ ಎಂದು ಕರೆಯುವ ಜಾಗಗಳು, ಮಕ್ಕಳ ಕೆಲಸ ತೂಗಲು ಚಪ್ಪರ. ಹೊಸತು ತರುವವರು ಮೊದಲು ಈ ವ್ಯವಸ್ಥೆ ಹೇಗೆ ನಡೆಯುತ್ತಿದೆ ಎಂದು ಒಂದು ಇಡೀ ದಿನ ಕೂತು ನೋಡಬೇಕು.

ವಿದ್ಯುತ್ ಕೇಬಲ್ ಸುತ್ತಿ ಬರುವ ಮರದ ಡ್ರಮ್ಮು ಮಕ್ಕಳ ಗುಂಡು ಮೇಜಿಗೆ ಚೆನ್ನಾಗಿ ಒಪ್ಪುತ್ತದೆ. ಅಡ್ಡಲಾಗಿ ಮಲಗಿಸಿ, ನೆಲಕ್ಕೆ ಭದ್ರಪಡಿಸಿ, ಮೊಳೆ ಪೂರ್ತಿ ಕಿತ್ತು, ಅಂಚು ಉಜ್ಜಿ ನುಣುಪು ಮಾಡಿ. ಉರುಳುವ ಹಾಗೆ ನಿಲ್ಲಿಸಿದ ಡ್ರಮ್ಮು ಶಾಲೆಯ ಆವರಣದಲ್ಲಿ ಒಂದು ನಿಮಿಷವೂ ಇರಕೂಡದು. ಸರಕು ಸಾಗಿಸುವ ಪ್ಯಾಲೆಟ್ ಹಲಗೆ ತಂದರೆ ಅದರ ಮೇಲಿನ ಮುದ್ರೆ ಓದಿ. ಇಂಗ್ಲಿಷಿನಲ್ಲಿ ‘ಎಚ್‌ಟಿ’ ಎಂದಿದ್ದರೆ ಶಾಖದಿಂದ ಹದಮಾಡಿದ ಮರ, ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಹಾಯಿಸಿದ್ದು. ಅದನ್ನು ತಂದಲ್ಲಿಗೇ ವಾಪಸು ಕಳಿಸಿ. ಮುದ್ರೆಯಿಲ್ಲದೆ ಕಲೆಯಾಗಿರುವ, ವಾಸನೆ ಬರುವ ಹಲಗೆಯೂ ಬೇಡ.

ಹೊಸ ರಚನೆ ಯಾವುದೇ ಇರಲಿ, ಗಾಲಿಕುರ್ಚಿಯಲ್ಲಿ ಬರುವ ಮಗು ಅಲ್ಲಿಗೆ ತಲುಪಬೇಕು. ಇಳಿಜಾರು 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಕಣ್ಣು ಕಾಣದ ಮಗುವಿಗೆ ಬೆರಳಿನಿಂದ ಓದಲು ಹಗ್ಗ, ತೆಂಗಿನ ನಾರು, ಗೋಣಿ, ಉಜ್ಜು ಕಾಗದದಲ್ಲಿ ಮಾಡಿದ ಅಕ್ಷರಗಳು ಗೋಡೆಯ ಮೇಲಿರಲಿ. ಆ ಅಕ್ಷರಗಳನ್ನು ಎಲ್ಲ ಮಕ್ಕಳೂ ಸವರುತ್ತಾರೆ, ಸವರಲಿ.

ಕೂರುವ ಹಾಸಿಗೆ ಬೇಕೆಂದಾದರೆ ಕೌದಿ ಹೊಲಿಸಿ. ಹಳೆಯ ಸೀರೆ, ಪಂಚೆ, ಅಂಗಿಗಳನ್ನು ಪದರ ಪದರ ಜೋಡಿಸಿ ಹೊಲಿಯುವ ಕೈಗಳು ಉತ್ತರ ಕರ್ನಾಟಕದ ಊರುಗಳಲ್ಲಿ ಇನ್ನೂ ಇವೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯಂತೂ ಹೊರದೇಶಗಳಲ್ಲೂ ಹೆಸರು ಮಾಡಿದೆ. ಮಕ್ಕಳ ಮನೆಯಿಂದಲೇ ಬಂದ ಬಟ್ಟೆ, ಊರಿನ ಅಜ್ಜಿಯರದೇ ಹೊಲಿಗೆ, ಒಗೆದು ಒಣಹಾಕಬಹುದು, ತಗಡಿನ ಛಾವಣಿಯ ಕೋಣೆಯಲ್ಲಿ ಗದ್ದಲವನ್ನೂ ಒಂದಿಷ್ಟು ಹೀರುತ್ತದೆ. ಇಷ್ಟು ಒಳ್ಳೆಯ ಮರುಬಳಕೆ ಇನ್ನೊಂದನ್ನು ನಾನು ಕಂಡಿಲ್ಲ. ಹೊಲಿದವರಿಗೆ ಕೂಲಿ ಕೊಡಿ. ಶಾಲೆಗಾಗಿ ಮಾಡುತ್ತಾರೆಂದು ಅವರ ದುಡಿಮೆಯನ್ನು ಪುಕ್ಕಟೆ ಪಡೆಯಬೇಡಿ.

ಮಾಡಬಾರದ್ದು. ನಲಿ-ಕಲಿ ಗೋಡೆ ಹಲಗೆಯ ಮೇಲೆ ಚಿತ್ರ ಬಿಡಿಸಿ ಮುಚ್ಚಬೇಡಿ. ಚಪ್ಪರಕ್ಕೆ ಕಾಗದ, ಬಟ್ಟೆಗಿಂತ ಭಾರವಾದದ್ದನ್ನು ತೂಗಬೇಡಿ. ಗೋಡೆಗಳನ್ನು ಇಂಚಿಂಚೂ ತುಂಬಿಸಬೇಡಿ. ಮಗುವಿನ ಕಣ್ಣಿಗೆ ಖಾಲಿ ಜಾಗವೂ ಬೇಕು. ಬಾಗಿಲು, ಕಿಟಕಿಗೆ ಅಡ್ಡವಾಗಿ ಏನನ್ನೂ ನಿಲ್ಲಿಸಬೇಡಿ.

ಟೈರು

ಮಾಡಬೇಕಾದ್ದು. ಟೈರಿನಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತೊಟ್ಟಿಲು. ನೀರು ಬತ್ತಿದರೂ ಅದರ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮುಂದಿನ ಮಳೆಗೆ ಒಡೆಯುತ್ತದೆ. 2024ರಲ್ಲಿ ನಮ್ಮ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಆದ್ದರಿಂದ ಶಾಲೆಗೆ ಬಂದ ಪ್ರತಿ ಟೈರಿನ ಒಳಮೈಯನ್ನು ಮೊದಲು ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ನೆಟ್ಟಗೆ ಹೂಳುವುದಾದರೆ ಅರ್ಧದವರೆಗೆ ಹೂತು ಒಳಗೆ ಮಣ್ಣು ಬಿಗಿಯಾಗಿ ತುಂಬಿ. ತೂಗುಬಿಡುವುದಾದರೆ ಕೆಳಭಾಗದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು ನಾಲ್ಕೈದು ಕೊರೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದೊಂದು ಟೈರಿಗೂ ಕೈಹಾಕಿ ನೋಡುವ ಒಬ್ಬ ದೊಡ್ಡವರ ಹೆಸರನ್ನು ಗೋಡೆಯ ಮೇಲೆ ಬರೆದಿಡಿ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ತೆಂಗಿನ ಚಿಪ್ಪು, ಬಾಟಲಿಯ ಕುಂಡ, ಬಿದಿರಿನ ತೆರೆದ ತುದಿಗೂ ಇದೇ ನಿಯಮ.

ಹತ್ತುವ ರಚನೆಯ ಕೆಳಗೆ ಒಂದಡಿ ಆಳಕ್ಕೆ ಸಡಿಲ ಮರಳು ಹಾಕಿ. ಬೋಲ್ಟಿನ ತುದಿ ಮಕ್ಕಳ ಕಡೆ ಚಾಚದಿರಲಿ.

ಮಾಡಬಾರದ್ದು. ರೇಡಿಯಲ್ ಟೈರನ್ನು ಕತ್ತರಿಸಬೇಡಿ. ಒಳಗಿನ ಉಕ್ಕಿನ ತಂತಿ ಸೂಜಿಯಂತೆ ಹೊರಬರುತ್ತದೆ. ತಂತಿ ಕಂಡ ಟೈರು ಎಷ್ಟೇ ಬಣ್ಣ ಬಳಿದರೂ ಶಾಲೆಗೆ ಆಗದು. ಉಯ್ಯಾಲೆಯನ್ನು ಜಗುಲಿಯ ಕಂಬಕ್ಕೆ, ಕಾಂಪೌಂಡ್ ಗೋಡೆಗೆ, ಒಣಗಿದ ಕೊಂಬೆಗೆ ಕಟ್ಟಬೇಡಿ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಕಪ್ಪು ಟೈರು ಮುಟ್ಟಿದರೆ ಸುಡುತ್ತದೆ. ಅಲ್ಲಿ ಮರದ ನೆರಳಿಲ್ಲದ ಜಾಗಕ್ಕೆ ಟೈರು ಬೇಡವೇ ಬೇಡ. ಉಳಿದ ತುಂಡುಗಳಿಗೆ ಶಾಲೆಯ ಹಿತ್ತಲಲ್ಲಿ ಬೆಂಕಿ ಹಾಕುವುದು ಅಪರಾಧ.

ಬಣ್ಣ, ಪ್ಲಾಸ್ಟಿಕ್

ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು ಮೀರಬಾರದೆಂಬ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಡಬ್ಬದ ಮೇಲೆ ಸೀಸದ ಪ್ರಮಾಣದ ಉಲ್ಲೇಖ ಓದಿಯೇ ಕೊಳ್ಳಿ. ಯಾರದೋ ಗೋದಾಮಿನಲ್ಲಿ ಹಳತಾದ, ಹೆಸರಿಲ್ಲದ ಡಬ್ಬಗಳನ್ನು ದಾನವೆಂದು ಕೊಟ್ಟರೂ ಒಲ್ಲೆ ಎನ್ನಿ. ಸೀಸ ಮಗುವಿನ ಮೆದುಳಿಗೆ ಮಾಡಿದ ಹಾನಿ ಮರಳಿ ಸರಿಹೋಗುವುದಿಲ್ಲ. ಹಳೆಯ ಬಾಗಿಲು, ಬೆಂಚಿನ ಪೇಂಟನ್ನು ಒಣಗಿದ್ದಾಗ ಉಜ್ಜಬೇಡಿ. ನೀರು ಹಾಕಿ ಉಜ್ಜಿ, ರಜೆಯಲ್ಲೇ ಮುಗಿಸಿ, ಪುಡಿಯನ್ನು ಒರೆಸಿ ತೆಗೆಯಿರಿ. ಗೋಡೆಗೆ ಸುಣ್ಣ, ಕೆಮ್ಮಣ್ಣು ಸಾಕಾಗುವ ಕಡೆ ಅದೇ ಇರಲಿ. ಹಸೆ, ರಂಗೋಲಿ ಬಲ್ಲ ತಾಯಂದಿರು ಊರಿನಲ್ಲೇ ಇರುವಾಗ ಸಿನಿಮಾ ಗೊಂಬೆಗಳನ್ನು ಗೋಡೆಗೆ ತರುವುದೇಕೆ?

ತೆಳು ಬಾಟಲಿಗಳನ್ನು ಬಿಸಿಲಲ್ಲಿ ಗೋಡೆಯಾಗಿ, ಬೇಲಿಯಾಗಿ ನಿಲ್ಲಿಸಬೇಡಿ. ಬಿಸಿಲಿಗೆ ಅವು ಪೆಡಸಾಗಿ ಒಡೆದು, ಚೂರು ಚೂರಾಗಿ ಅಂಗಳದ ಮಣ್ಣಿಗೇ ಸೇರುತ್ತವೆ. ಕಸ ಕಡಿಮೆ ಮಾಡಲು ಹೋಗಿ ಎತ್ತಲಾಗದ ಕಸ ಮಾಡಿದಂತಾಗುತ್ತದೆ. ಅಲಂಕಾರದ ಥರ್ಮೋಕೋಲ್, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ವಿಜ್ಞಾನ ಮಾದರಿಗೆಂದು ಮಕ್ಕಳಿಂದ ಥರ್ಮೋಕೋಲ್ ತರಿಸುವ ರೂಢಿ ಇಂದಿಗೇ ನಿಲ್ಲಬೇಕು.

ಬಾಟಲಿಯ ಮುಚ್ಚಳ ಎಣಿಕೆಗೆ ಒಳ್ಳೆಯದು, ಆದರೆ ಪ್ರಾಥಮಿಕ ತರಗತಿಗಳಲ್ಲಿ ಮಾತ್ರ. ಅದರ ಅಗಲ ಸುಮಾರು 3 ಸೆಂ.ಮೀ., ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವ ಅಳತೆ. ಶಾಲೆಯ ಆವರಣದಲ್ಲೇ ಅಂಗನವಾಡಿ ಇದ್ದರೆ ಮುಚ್ಚಳ, ಗುಂಡಿ, ಮಣಿಗಳ ಡಬ್ಬ ಬೀಗದೊಳಗಿರಲಿ.

ಶಾಲೆಯ ಗೇಟು ದಾಟಬಾರದ್ದು

ಕೀಟನಾಶಕ, ಆ್ಯಸಿಡ್, ಎಂಜಿನ್ ಆಯಿಲ್ ತುಂಬಿದ್ದ ಡಬ್ಬಗಳು, ಎಷ್ಟು ತೊಳೆದಿದ್ದರೂ. ಹಳೆಯ ಟ್ಯೂಬ್‌ಲೈಟು, ಅದರಲ್ಲಿ ಪಾದರಸವಿದೆ. ಹಿಂದಿನ ಕಾಲದ ದಪ್ಪ ಟೀವಿ, ಮಾನಿಟರು, ಅವುಗಳ ಗಾಜಿನಲ್ಲಿ ಸೀಸವಿದೆ. ಆಸ್ಪತ್ರೆಯ ಯಾವ ವಸ್ತುವೂ, ಖಾಲಿ ಸಿರಿಂಜು ಸೇರಿ. ವಿಜ್ಞಾನದ ಪಾಠಕ್ಕೆ ಸಿರಿಂಜು ಬೇಕಾದರೆ ಔಷಧಿ ಅಂಗಡಿಯಿಂದ ಹೊಸದು ತಂದು, ಸೂಜಿ ಬಿಟ್ಟು ಬಳಸಿ. ಕೈಗಡಿಯಾರ, ಆಟಿಕೆಯ ಗುಂಡಿ ಬ್ಯಾಟರಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುತ್ತದೆ. ಆಸ್ಬೆಸ್ಟಾಸ್ ಶೀಟಿನ ತುಂಡು; ಛಾವಣಿಯಲ್ಲಿ ಇರುವುದನ್ನೂ ಕೊರೆಯಬೇಡಿ, ಕತ್ತರಿಸಬೇಡಿ, ಅದರ ನಾರು ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಹೊರಬರುವುದಿಲ್ಲ. ಒಡೆದ ಗಾಜು, ಸಿ.ಡಿ., ಬಳೆಚೂರು ಮಕ್ಕಳ ಕೈಗೆಟುಕುವ ಕಡೆ ಬೇಡ. ಚಂಡೀಗಢದಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿಗಳಿಂದ ಒಂದು ಲೋಕವನ್ನೇ ಕಟ್ಟಿದರು. ಅದು ನಡೆದು ನೋಡುವ ತೋಟ. ನಿಮ್ಮ ಗೋಡೆಗೆ ಮಕ್ಕಳು ದಿನವೂ ಮೈ ಉಜ್ಜುತ್ತಾರೆ.

ಬೆಂಕಿ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಸೋಗೆಯ ಛಾವಣಿಗೆ ತಗುಲಿ 94 ಮಕ್ಕಳು ಸತ್ತರು. ಶಾಲೆಯೊಳಗೆ ಒಣ ಕಾಗದ, ಬಟ್ಟೆ, ನಾರು, ಪ್ಲಾಸ್ಟಿಕ್ ತರುವವರು ಈ ತಾರೀಖನ್ನು ನೆನಪಿನಲ್ಲಿಡಬೇಕು.

ಬಿಸಿಯೂಟದ ಮೊಟ್ಟೆ ವಾರದಲ್ಲಿ ಆರು ದಿನ ಬರಲು ಶುರುವಾದ 2024ರಿಂದ ಶಾಲೆಗಳಲ್ಲಿ ರಟ್ಟಿನ ಟ್ರೇಗಳಿಗೆ ಬರವಿಲ್ಲ. ಸದ್ದು ತಡೆಯುತ್ತವೆಂದು ಅವನ್ನು ಛಾವಣಿಗೆ, ಗೋಡೆಗೆ ಅಂಟಿಸುವವರಿದ್ದಾರೆ. ಬೇಡ. ಅವು ಸದ್ದು ತಡೆಯುವುದು ಅತ್ಯಲ್ಪ, ಹೊತ್ತಿಕೊಳ್ಳುವುದು ಬೇಗ, ಮೊಟ್ಟೆಯ ಕೊಳೆಯಿಂದ ರೋಗಾಣುವೂ ಇರಬಹುದು. ಒದ್ದೆ ಮಾಡಿ ಹರಿದು ಕೈತೋಟದ ಗೊಬ್ಬರದ ಗುಂಡಿಗೆ ಹಾಕಿ. ಅಡುಗೆಕೋಣೆಯ ಸುತ್ತ, ಮೀಟರ್ ಬೋರ್ಡಿನ ಬಳಿ, ಹೊರಹೋಗುವ ದಾರಿಯಲ್ಲಿ ಯಾವ ರಚನೆಯೂ ಇರಬಾರದು. ಎಲ್ಲ ಮುಗಿದ ಮೇಲೆ ಗಂಟೆ ಬಾರಿಸಿ, ಪ್ರತಿ ಕೋಣೆಯ ಮಕ್ಕಳೂ ತಡವರಿಸದೆ ಬಯಲಿಗೆ ಬರುತ್ತಾರೆಯೇ ಎಂದು ನೋಡಿ. ಏನಾದರೂ ಕಾಲಿಗೆ ಅಡ್ಡ ಬಂದರೆ ಅದನ್ನು ಅವತ್ತೇ ತೆಗೆಯಿರಿ.

ಯಾರ ಕೈಯಿಂದ ಕೆಲಸ

ಮಾಡಬೇಕಾದ್ದು. ಸಾಮಾನನ್ನು ಪಂಚಾಯಿತಿಯ ಸ್ವಚ್ಛ ಸಂಕೀರ್ಣದಿಂದ, ನಗರದಲ್ಲಾದರೆ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಿಂದ, ಗುಜರಿ ಅಂಗಡಿಯಿಂದ ಹಣ ಕೊಟ್ಟು ತನ್ನಿ. ಅಲ್ಲಿ ಕಸ ಬೇರ್ಪಡಿಸುವ ಹೆಂಗಸರಿಗೆ ಯಾವ ಪ್ಲಾಸ್ಟಿಕ್ ಎಷ್ಟು ಬಾಳುತ್ತದೆ, ಯಾವುದು ಪುಡಿಯಾಗುತ್ತದೆ ಎಂಬುದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರನ್ನು ಶಾಲೆಗೆ ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ಮಕ್ಕಳಿಗೆ ಒಂದು ಗಂಟೆ ಹೇಳಿಕೊಡಿಸಿ. ಊರಿನ ಬಡಗಿ, ವೆಲ್ಡರ್, ಪಂಕ್ಚರ್ ಅಂಗಡಿಯವರು ಕೆಲಸಕ್ಕೆ ಬೇಕೇ ಬೇಕು, ಏಕೆಂದರೆ ಮುಂದೆ ದುರಸ್ತಿಗೆ ಬರುವವರು ಅವರೇ.

ಮಾಡಬಾರದ್ದು. ಮಕ್ಕಳಿಂದ ಟೈರು ಕೊಯ್ಯಿಸುವುದು, ತುಕ್ಕು ಉಜ್ಜಿಸುವುದು, ಕಸ ಆಯಿಸುವುದು ಸಲ್ಲದು. ‘ಯಾರು ಹೆಚ್ಚು ಬಾಟಲಿ ತರುತ್ತೀರಿ’ ಎಂಬ ಪಂದ್ಯ ಇಡಬೇಡಿ. ಮಕ್ಕಳು ಚರಂಡಿಗೆ ಇಳಿಯುತ್ತಾರೆ, ಇಲ್ಲವೇ ಮನೆಯವರು ತಂಪು ಪಾನೀಯ ಕೊಂಡು ಬಾಟಲಿ ಕೊಡುತ್ತಾರೆ.

ಇನ್ನೊಂದನ್ನು ಬಿಡಿಸಿಯೇ ಹೇಳಬೇಕು. ಕೊಳೆ ಮುಟ್ಟುವ ಕೆಲಸ ಬಂದಾಗ ಕೆಲವು ಮಕ್ಕಳ ಹೆಸರೇ ಮೊದಲು ಬಾಯಿಗೆ ಬರುತ್ತದೆ, ಆ ಹೆಸರುಗಳ ಹಿಂದೆ ಜಾತಿ ಇರುತ್ತದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿ ಶುಚಿಮಾಡಲು ಇಳಿಸಿದ್ದನ್ನು ರಾಜ್ಯವೇ ನೋಡಿತು. ಮರುಬಳಕೆಯ ಹೆಸರಿನಲ್ಲಿ ಅದರ ಸಣ್ಣ ನೆರಳೂ ಶಾಲೆಯಲ್ಲಿ ಬೀಳಬಾರದು. ಪೌರಕಾರ್ಮಿಕರ ಮಗುವಿಗೆ ಬ್ರಷ್ಷು, ಬಣ್ಣ, ಅಳತೆಪಟ್ಟಿ ಮೊದಲು ಸಿಗಲಿ. ಚಿಂದಿ, ಗುಜರಿ ಎಂಬ ಮಾತುಗಳಿಂದ ಯಾವ ಮಗುವನ್ನೂ ಯಾರೂ ಅಣಕಿಸದಂತೆ ಶಿಕ್ಷಕರು ಮೊದಲ ದಿನದಿಂದಲೇ ಎಚ್ಚರವಿರಬೇಕು.

ಮಕ್ಕಳಿಗೆ ಕೆಲಸ ಇಲ್ಲವೆಂದಲ್ಲ. ಎಲ್ಲಿ ಏನು ಬೇಕೆಂದು ನಕ್ಷೆ ಬರೆಯುವುದು, ಅಳೆಯುವುದು, ತೊಳೆದು ಕೊಟ್ಟ ವಸ್ತುಗಳನ್ನು ಜೋಡಿಸುವುದು, ಬಣ್ಣ ಆರಿಸುವುದು ಅವರದ್ದೇ. ಮಕ್ಕಳು ಬೇಡ ಎಂದದ್ದನ್ನು ಕಟ್ಟಬೇಡಿ.

ಲೆಕ್ಕ, ದುರಸ್ತಿ, ವಿಲೇವಾರಿ

ಶಾಲೆಯ ಮುರಿದ ಬೆಂಚು, ಹಳೆಯ ತೊಲೆ, ಮಂಗಳೂರು ಹೆಂಚು ಸರ್ಕಾರದ ಆಸ್ತಿ. ದಾಸ್ತಾನು ವಹಿಯಲ್ಲಿ ನಿರುಪಯುಕ್ತವೆಂದು ದಾಖಲಾಗಿ, ಇಲಾಖೆಯ ಒಪ್ಪಿಗೆ ಬರುವವರೆಗೆ ಒಂದು ಮೊಳೆಯನ್ನೂ ಕೀಳಬೇಡಿ. ಬಿಸಿಯೂಟದ ಖಾಲಿ ಚೀಲಗಳಿಗೂ ಲೆಕ್ಕವಿದೆ, ಮುಖ್ಯಶಿಕ್ಷಕರನ್ನು ಕೇಳದೆ ಕತ್ತರಿ ಹಾಕಬೇಡಿ. ಹೊಸದಾಗಿ ಕಟ್ಟಿದ್ದೂ ವಹಿಯಲ್ಲಿ ಬರಲಿ: ಏನು, ಯಾವ ವಸ್ತುವಿನದು, ಯಾವ ದಿನ ಕೂರಿಸಿದ್ದು, ಯಾರು ನೋಡಿಕೊಳ್ಳುತ್ತಾರೆ.

ದಾನಿಗಳು ಕಟ್ಟುವ ಖರ್ಚಿನ ಜೊತೆಗೆ ಎರಡು ವರ್ಷದ ದುರಸ್ತಿಯ ಹಣವನ್ನೂ ಎಸ್‌ಡಿಎಂಸಿ ಖಾತೆಗೆ ಜಮಾ ಮಾಡಬೇಕು. ಅದಕ್ಕೆ ಒಪ್ಪದಿದ್ದರೆ ಅರ್ಧದಷ್ಟೇ ಕಟ್ಟಿಸಿ, ಉಳಿದ ಹಣವನ್ನು ದುರಸ್ತಿಗೆ ಎತ್ತಿಡಿ. ಕರಾವಳಿ, ಮಲೆನಾಡಿನಲ್ಲಿ ರಟ್ಟು, ಬಟ್ಟೆಯ ಕೆಲಸವನ್ನು ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಮಾಡಿ, ಮೇ ಕೊನೆಗೆ ಬಿಚ್ಚಿಡಿ. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಬಯಲುಸೀಮೆಯಲ್ಲಿ ಗೆದ್ದಲು ನೋಡಿಕೊಳ್ಳಿ. ಪ್ರತಿ ತಿಂಗಳ ಮೊದಲ ಶನಿವಾರ ಬೋಲ್ಟು, ಹಗ್ಗ, ಮೊಳೆ, ಸೀಳು ನೋಡಿ ಸಹಿ ಹಾಕಿ. ಸಡಿಲವಾದದ್ದನ್ನು ಆ ದಿನವೇ ಹಗ್ಗ ಕಟ್ಟಿ ಮುಚ್ಚಿ, ವಾರದೊಳಗೆ ಸರಿಮಾಡಿಸಿ ಅಥವಾ ಕಿತ್ತುಹಾಕಿ.

ತೆಗೆದದ್ದು ಎಲ್ಲಿಗೆ ಹೋಗಬೇಕೆಂಬುದನ್ನು ಕಟ್ಟುವ ದಿನವೇ ಬರೆದಿಡಿ. ಟೈರು ಟೈರಿನ ಗುಜರಿಗೆ, ಕಬ್ಬಿಣ ಕಬ್ಬಿಣದ ಗುಜರಿಗೆ, ಪ್ಲಾಸ್ಟಿಕ್ ಸ್ವಚ್ಛ ಸಂಕೀರ್ಣಕ್ಕೆ, ಬಣ್ಣ ಬಳಿಯದ ಮರ ಬಡಗಿಯ ಬಳಿಗೆ. ಬಣ್ಣ ಬಳಿದ ಮರವನ್ನು ಬಿಸಿಯೂಟದ ಒಲೆಗೆ ಹಾಕಬೇಡಿ. ಮಾರಿ ಬಂದ ಹಣವನ್ನು ವಹಿಯಲ್ಲಿ ಬರೆದು, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಿ.